ಪಡೀಲಿನ ಗಾಳಿ, ಪುಟ್ಟ ರೈಲಿನ ಬಣ್ಣ

ಮಂಗಳೂರಿನ ಪಡೀಲ್ ಎಂದರೆ ಹಳಿಗಳು ಕವಲೊಡೆಯುವ ಜಾಗ. ಒಂದು ಹಳಿ ನೇತ್ರಾವತಿ ದಾಟಿ ಕಾಸರಗೋಡಿನ ಕಡೆಗೆ ಹೊರಳುತ್ತದೆ. ಒಂದು ಪಶ್ಚಿಮಕ್ಕೆ ತಿರುಗಿ ಮಂಗಳೂರು ಸೆಂಟ್ರಲ್ ಸೇರುತ್ತದೆ. ಇನ್ನೊಂದು ತೋಕೂರಿನ ಮೂಲಕ ಕೊಂಕಣ ರೈಲ್ವೆಯನ್ನು ಕೂಡಿಕೊಂಡರೆ, ಮತ್ತೊಂದು ಬಂಟ್ವಾಳ, ಪುತ್ತೂರು ಹಾದು ಸುಬ್ರಹ್ಮಣ್ಯ ರೋಡಿನಿಂದ ಘಾಟಿ ಹತ್ತಿ ಹಾಸನಕ್ಕೆ ಹೋಗುತ್ತದೆ. ಹಿಂದೆ ಕಂಕನಾಡಿ ಎನಿಸಿಕೊಂಡಿದ್ದ ಇಲ್ಲಿನ ನಿಲ್ದಾಣ ಈಗ ಮಂಗಳೂರು ಜಂಕ್ಷನ್. ಭಾರತದ ರೈಲುಗಳ ಬಣ್ಣ ಹೇಗೆ ಬದಲಾಯಿತು ಎನ್ನುವುದನ್ನು ಮಂಗಳೂರಿನ ಹಳಿಗಳ ಮೇಲೇ ಓದಬಹುದು: ಹಳೆಯ ಕಾಲದ ಕಾವಿಗೆಂಪು ಬೋಗಿ, 1990ರ ದಶಕದಲ್ಲಿ ಬಂದ ನೀಲಿ, ಎಲ್‌ಎಚ್‌ಬಿ ಎಂಬ ಹೊಸ ವಿನ್ಯಾಸದ ಬೋಗಿಗಳ ಕೆಂಪು–ಬೂದು, ಇತ್ತೀಚಿನ ವಂದೇ ಭಾರತದ ಬಿಳಿ ಮತ್ತು ಕಿತ್ತಳೆ. ಇವುಗಳಲ್ಲಿ ಒಂದನ್ನು ಮಾದರಿ ರೈಲಾಗಿ ಮೇಜಿನ ಮೇಲೆ ಓಡಿಸಬೇಕೆಂದು ಹೊರಟವರ ಮುಂದೆ ಮೊದಲು ಬಂದು ನಿಲ್ಲುವುದು ಬಣ್ಣದ ಪ್ರಶ್ನೆ. ಯಾವ ಏರ್‌ಬ್ರಷ್ ಕೊಳ್ಳಬೇಕು, ಯಾವ ಕಂಪನಿಯ ಬಣ್ಣ ತರಬೇಕು?

ಈ ಪ್ರಶ್ನೆಗೆ ಸಿಗುವ ಉತ್ತರಗಳೆಲ್ಲ ಸಾಮಾನ್ಯವಾಗಿ ಸಾಮಾನಿನ ಪಟ್ಟಿಗಳು. ಜಪಾನಿನ ಇಂಥ ಏರ್‌ಬ್ರಷ್, ಸ್ಪೇನಿನ ಇಂಥ ಬಣ್ಣ, ಇಷ್ಟು ಒತ್ತಡ, ಇಷ್ಟು ತಿನ್ನರ್. ಆ ಪಟ್ಟಿಗಳಲ್ಲಿ ಒಂದು ಸಾಮಾನು ಮಾತ್ರ ಎಂದೂ ಇರುವುದಿಲ್ಲ. ಅದು ಗಾಳಿ. ಬಣ್ಣ ಬಳಿಯುವುದೆಂದರೆ ಒಂದು ದ್ರವವನ್ನು ಮೇಲ್ಮೈಗೆ ತಲುಪಿಸಿ, ಅದರಲ್ಲಿರುವ ದ್ರವಾಂಶವನ್ನು ಕಳೆದು, ಘನಾಂಶವನ್ನಷ್ಟೇ ಉಳಿಸಿಕೊಳ್ಳುವ ಕೆಲಸ. ಕಳೆಯುವ ಭಾಗವನ್ನು ಗಾಳಿಯೇ ಮಾಡಬೇಕು. ಪಡೀಲಿನ ಗಾಳಿ ವರ್ಷದ ಐದಾರು ತಿಂಗಳು ಆ ಕೆಲಸಕ್ಕೆ ಒಲ್ಲೆ ಎನ್ನುತ್ತದೆ. ಹಾಗಾಗಿ ಇಲ್ಲಿ ಆಯ್ಕೆಯ ಕ್ರಮವನ್ನೇ ತಿರುಗಿಸಬೇಕು ಎನ್ನುವುದು ಈ ಅಧ್ಯಾಯದ ವಾದ. ಮೊದಲು ಗಾಳಿ, ಆಮೇಲೆ ಬಣ್ಣ ಒಣಗುವ ಬಗೆ, ಕೊನೆಗೆ ಏರ್‌ಬ್ರಷ್. ಹೆಚ್ಚಿನವರು ಹಣ ಸುರಿಯುವುದು ಇದರ ಉಲ್ಟಾ ಕ್ರಮದಲ್ಲಿ.

ಅದಕ್ಕೂ ಮೊದಲು, ಕುಂಚ ಸಾಕಾಗದೇ ಎಂಬ ನ್ಯಾಯವಾದ ಪ್ರಶ್ನೆಗೆ ಉತ್ತರ ಹೇಳಬೇಕು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು. ಸುಮಾರು 21.3 ಮೀಟರ್ ಉದ್ದದ, ಐಸಿಎಫ್ ಎಂಬ ಹಳೆಯ ವಿನ್ಯಾಸದ ಬೋಗಿ ಇಲ್ಲಿ 245 ಮಿಲಿಮೀಟರ್ ಆಗುತ್ತದೆ, ಗೇಣಿಗಿಂತ ಚೂರು ಹೆಚ್ಚು. ಬೋಗಿ ಕುಗ್ಗುತ್ತದೆ, ಬಣ್ಣದ ಪದರ ಕುಗ್ಗುವುದಿಲ್ಲ. ಕುಂಚದಿಂದ ಬಳಿದ ಬಣ್ಣ ಒಣಗಿದ ಮೇಲೆ 80 ಮೈಕ್ರಾನ್ ದಪ್ಪ ಉಳಿಯಿತು ಎಂದಿಟ್ಟುಕೊಳ್ಳಿ. ಅದನ್ನು 87ರಿಂದ ಗುಣಿಸಿದರೆ ನಿಜವಾದ ಬೋಗಿಯ ಮೇಲೆ ಏಳು ಮಿಲಿಮೀಟರ್ ದಪ್ಪದ ಗಾರೆ ಮೆತ್ತಿದ ಹಾಗೆ. ಕಿಟಕಿಯ ಸರಳು, ಬಾಗಿಲ ಅಂಚು, ಎಂಜಿನ್ನಿನ ಜಾಲರಿ ಎಲ್ಲ ಅದರಡಿ ಹೂತುಹೋಗುತ್ತವೆ. ಏರ್‌ಬ್ರಷ್‌ನಿಂದ ಹತ್ತು ಮೈಕ್ರಾನಿನ ಆಸುಪಾಸಿನ ಪದರಗಳನ್ನು ಮೂರು ಸಲ ಹಾಯಿಸಿದರೂ ದಪ್ಪ ಎರಡೂವರೆ ಮಿಲಿಮೀಟರಿಗೆ ಸಮ. ಅದೂ ನಿಜವಾದ ಬೋಗಿಯ ಬಣ್ಣಕ್ಕಿಂತ ದಪ್ಪವೇ, ಆದರೆ ಕಣ್ಣು ಸಹಿಸಿಕೊಳ್ಳುವಷ್ಟು. ಬೋಗಿಯ ಮೇಲಿನ ಸಣ್ಣ ಅಕ್ಷರ, ಗೆರೆಗಳಿಗೆ ಕುಂಚವೇ ಒಳ್ಳೆಯದು. ಗೇಣುದ್ದದ ನುಣುಪು ಗೋಡೆಗೆ ಅಲ್ಲ.

ಏರ್‌ಬ್ರಷ್‌ನ ತತ್ತ್ವ ಸರಳ. ಮೊನಚಾದ ಸೂಜಿ ಸಣ್ಣ ತೂತಿನ ಮೂತಿಯೊಳಗೆ ಕೂತಿರುತ್ತದೆ. ಸೂಜಿಯನ್ನು ಹಿಂದಕ್ಕೆ ಎಳೆದಷ್ಟೂ ಬಣ್ಣಕ್ಕೆ ದಾರಿ ಅಗಲವಾಗುತ್ತದೆ. ಮೂತಿಯ ಸುತ್ತ ರಭಸದಿಂದ ಹಾಯುವ ಗಾಳಿ ಬಣ್ಣವನ್ನು ಹೊರಗೆಳೆದು, ಎಳೆಯಾಗಿಸಿ, ಹನಿಗಳಾಗಿ ಒಡೆಯುತ್ತದೆ. ದ್ರವದ ಮೇಲ್ಮೈ ಎಳೆತ ಹನಿಯನ್ನು ಒಗ್ಗೂಡಿಸಿಡಲು ನೋಡುತ್ತದೆ, ಗಾಳಿಯ ರಭಸ ಅದನ್ನು ಹರಿದುಹಾಕಲು ನೋಡುತ್ತದೆ. ಗಾಳಿ ಗೆದ್ದಷ್ಟೂ ಹನಿ ಸಣ್ಣದು. ಬಣ್ಣ ಮಂದವಾಗಿದ್ದರೆ ಒಡೆಯುವುದಕ್ಕೇ ಶಕ್ತಿ ಸಾಲದು. ತಿನ್ನರ್ ಬೆರೆಸಿ ಅದನ್ನು ಹಾಲಿನ ಹದಕ್ಕೆ ತರುವುದು ಇದಕ್ಕೇ. ಹೀಗೆ ಒಡೆದ ಹನಿ ಮೂತಿಯಿಂದ ಬೋಗಿಯ ಗೋಡೆಗೆ ಹತ್ತು ಹದಿನೈದು ಸೆಂಟಿಮೀಟರ್ ಹಾರುತ್ತದೆ. ಆ ಹಾರಾಟಕ್ಕೆ ಹಿಡಿಯುವುದು ಸೆಕೆಂಡಿನ ನೂರನೇ ಒಂದೆರಡು ಪಾಲು. ಅಷ್ಟರಲ್ಲಿ ಪಡೀಲಿನ ಗಾಳಿಯಲ್ಲಿ ಹನಿಯ ನೀರು ಹೆಚ್ಚೇನೂ ಆರುವುದಿಲ್ಲ. ಹನಿ ಹಸಿಯಾಗಿಯೇ ಬಂದು ಕೂರುತ್ತದೆ. ಬಣ್ಣದ ಹಣೆಬರಹ ತೀರ್ಮಾನವಾಗುವುದು ಕೂತ ಮೇಲಿನ ಕೆಲವು ನಿಮಿಷಗಳಲ್ಲಿ.

ಆ ನಿಮಿಷಗಳಲ್ಲಿ ಏನಾಗುತ್ತದೆ ಎನ್ನುವುದನ್ನು ನೋಡಿ ಮಾದರಿ ಬಣ್ಣಗಳನ್ನು ಮೂರು ಕುಲಗಳಾಗಿ ವಿಂಗಡಿಸಬಹುದು. ಮೊದಲನೆಯದು ಲ್ಯಾಕರ್, ಕಾರಿನ ಗ್ಯಾರೇಜಿನಲ್ಲಿ ಡ್ಯೂಕೋ ಎಂದು ಕರೆಯುವ ಬಣ್ಣದ ಬಳಗ. ಇದರಲ್ಲಿ ರಾಳ ದ್ರಾವಕದಲ್ಲಿ ಕರಗಿರುತ್ತದೆ. ದ್ರಾವಕ ಹಾರಿಹೋದರೆ ರಾಳ ಗಟ್ಟಿಯಾಗಿ ಉಳಿಯುತ್ತದೆ, ಬೇರೆ ರಾಸಾಯನಿಕ ಕ್ರಿಯೆ ಇಲ್ಲ. ಎರಡನೆಯದು ಎನಾಮಲ್. ಇಲ್ಲಿ ಮೊದಲು ಟರ್ಪೆಂಟೈನಿನಂಥ ದ್ರಾವಕ ನಿಧಾನವಾಗಿ ಆರುತ್ತದೆ. ಬಳಿಕ ರಾಳದ ಎಣ್ಣೆಯ ಅಂಶ ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಅಣುವಿಗೆ ಅಣು ಬೆಸೆದು ಬಲೆಯಾಗುತ್ತದೆ. ಇದಕ್ಕೆ ದಿನಗಳೇ ಬೇಕು. ಮೂರನೆಯದು ಅಕ್ರಿಲಿಕ್. ಇದರ ನೀರಿನ ಬಗೆಯಲ್ಲಿ ರಾಳ ಕರಗಿರುವುದಿಲ್ಲ, ಹಾಲಿನಲ್ಲಿ ಕೊಬ್ಬು ತೇಲುವ ಹಾಗೆ ಸೂಕ್ಷ್ಮ ಗೋಲಿಗಳಾಗಿ ತೇಲುತ್ತಿರುತ್ತದೆ. ನೀರು ಹೋದಂತೆ ಗೋಲಿಗಳು ಒತ್ತೊತ್ತಾಗಿ ಬಂದು, ಒಂದಕ್ಕೊಂದು ಅಂಟಿ ಪೊರೆಯಾಗುತ್ತವೆ. ಒಮ್ಮೆ ಹಾಗೆ ಕೂಡಿದ ಮೇಲೆ ಮತ್ತೆ ನೀರು ತಾಗಿದರೂ ಬಿಡಿಸಿಕೊಳ್ಳುವುದಿಲ್ಲ. ಒಂದು ಕುಲ ಹಾರುವುದನ್ನು ನೆಚ್ಚಿದೆ, ಒಂದು ಬೆಸೆಯುವುದನ್ನು, ಒಂದು ಒತ್ತೊತ್ತಾಗುವುದನ್ನು. ಪಡೀಲಿನ ಗಾಳಿ ಮೂರನ್ನೂ ಒಂದೇ ರೀತಿ ಕಾಡುವುದಿಲ್ಲ ಎಂಬಲ್ಲಿ ಆಯ್ಕೆಯ ಗುಟ್ಟಿದೆ.

ಮಂಗಳೂರಿನಲ್ಲಿ ವರ್ಷದ ಮಳೆ ಮೂರೂವರೆ ಸಾವಿರ ಮಿಲಿಮೀಟರ್ ಮೀರುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆಗಾಲದ ಆಟಿ ತಿಂಗಳ ಒಂದು ದಿನ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 90 ಇದೆಯೆನ್ನಿ. ನೀರು ಆರುವ ವೇಗ ಗಾಳಿಯಲ್ಲಿ ಇನ್ನೆಷ್ಟು ನೀರಿಗೆ ಜಾಗವಿದೆ ಎನ್ನುವುದನ್ನು ಅವಲಂಬಿಸುತ್ತದೆ. ಶೇ 50 ತೇವಾಂಶದ ಕೋಣೆಗೆ ಹೋಲಿಸಿದರೆ ಈ ಗಾಳಿಯಲ್ಲಿ ಅದು ಐದಾರು ಪಟ್ಟು ನಿಧಾನ. ಬಿರುಬೇಸಗೆಯ ಕಲಬುರಗಿಯಲ್ಲಿ, 40 ಡಿಗ್ರಿ ಬಿಸಿ ಮತ್ತು ಶೇ 20 ತೇವಾಂಶವಿರುವ ಮಧ್ಯಾಹ್ನ, ಅದೇ ನೀರು ಪಡೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಬೇಗ ಆರುತ್ತದೆ. ಅಲ್ಲಿನವರ ಗೋಳು ಬೇರೆ. ಬಣ್ಣ ಸೂಜಿಯ ತುದಿಯಲ್ಲೇ ಒಣಗಿ ಮೂತಿ ಕಟ್ಟಿಕೊಳ್ಳುತ್ತದೆ, ಸಣ್ಣ ಹನಿಗಳು ದಾರಿಯಲ್ಲೇ ಅರೆಬರೆ ಒಣಗಿ ಬೋಗಿಯ ಮೇಲೆ ಪುಡಿಯಾಗಿ ಉದುರುತ್ತವೆ. ಅವರಿಗೆ ಒಣಗುವುದನ್ನು ತಡಮಾಡುವ ದ್ರವ ಬೇಕು. ಪಡೀಲಿನಲ್ಲಿ ಅದನ್ನೇ ಬೆರೆಸಿದರೆ ಬಣ್ಣ ಗೋಡೆಯಿಂದ ಕಣ್ಣೀರಿನ ಹಾಗೆ ಇಳಿಯುತ್ತದೆ. ಒಂದೇ ಶೀಶೆ, ಒಂದೇ ಏರ್‌ಬ್ರಷ್, ಒಂದೇ ರಾಜ್ಯ. ಸೂತ್ರ ಮಾತ್ರ ತಲೆಕೆಳಗು. ಪರದೇಶದ ಪುಸ್ತಕದ ಅಳತೆಗಳು ಇಲ್ಲಿ ಕೈಕೊಡುವುದು ಇದರಿಂದಲೇ.

ನೀರಿನ ಬಣ್ಣ ಹೀಗೆ ತಡವಾದರೆ ಲ್ಯಾಕರ್ ಮೇಲು ಎನ್ನುವ ತೀರ್ಮಾನ ಸಹಜವಾಗಿ ಕಾಣುತ್ತದೆ. ಅದರ ದ್ರಾವಕಕ್ಕೂ ಗಾಳಿಯ ನೀರಿಗೂ ಸಂಬಂಧವಿಲ್ಲ, ಅದು ಮಳೆಗಾಲದಲ್ಲೂ ಬೇಗ ಹಾರುತ್ತದೆ. ಆದರೆ ಬೇಗ ಹಾರುವುದೇ ಅದರ ಕೇಡು. ಅಂಗೈ ಮೇಲೆ ಸ್ಪಿರಿಟ್ ಸವರಿದರೆ ತಣ್ಣಗಾಗುವ ಹಾಗೆ, ಹಾರುವ ದ್ರಾವಕ ಮೇಲ್ಮೈಯ ಶಾಖವನ್ನು ಹೊತ್ತೊಯ್ಯುತ್ತದೆ. 28 ಡಿಗ್ರಿ, ಶೇ 90 ತೇವಾಂಶದ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಅಂದರೆ ಬಣ್ಣದ ಪದರ ಬರೀ ಎರಡು ಡಿಗ್ರಿ ತಣಿದರೆ ಸಾಕು, ಅದರ ಮೇಲೆ ಇಬ್ಬನಿ ಕಟ್ಟುತ್ತದೆ. ಆ ಸೂಕ್ಷ್ಮ ನೀರಹನಿಗಳು ಅರೆಹಸಿ ರಾಳದಲ್ಲಿ ಸಿಕ್ಕಿಬಿದ್ದು ಪದರ ಬೆಳ್ಳಗಾಗುತ್ತದೆ, ನೀಲಿ ಬೋಗಿ ಬೂಷ್ಟು ಹಿಡಿದಂತೆ ಕಾಣುತ್ತದೆ. ಜನವರಿಯ ಒಂದು ಮಧ್ಯಾಹ್ನ 32 ಡಿಗ್ರಿ, ಶೇ 55 ತೇವಾಂಶ ಇದ್ದರೆ ಇಬ್ಬನಿ ಬಿಂದು 22ಕ್ಕೆ ಇಳಿದಿರುತ್ತದೆ. ಆಗ ಹತ್ತು ಡಿಗ್ರಿ ತಣಿಯುವವರೆಗೂ ಭಯವಿಲ್ಲ. ಮಳೆಗಾಲದಲ್ಲಿ ನಿಧಾನದ ತಿನ್ನರ್ ಬೆರೆಸುವ ಗ್ಯಾರೇಜಿನ ಪೇಂಟರ್ ಈ ಲೆಕ್ಕವನ್ನು ಕೈಯಿಂದಲೇ ಬಲ್ಲ. ಹಾರುವುದು ನಿಧಾನವಾದರೆ ತಣಿಯುವುದೂ ನಿಧಾನ.

ಹಾಗಿದ್ದರೆ ಆ ಪೇಂಟರನ ಉಪಾಯವನ್ನೇ ಮಾದರಿಗೂ ಬಳಸಬಾರದೇ? ಬಳಸಬಹುದು, ಉಪಾಯ ನಿಜವಾಗಿ ಕೆಲಸ ಮಾಡುತ್ತದೆ. ತೊಡಕುಗಳು ಬೇರೆ ಎರಡಿವೆ. ಮಾದರಿ ಬೋಗಿ ಹೆಚ್ಚಾಗಿ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನದು. ಗ್ಯಾರೇಜಿನ ತಿನ್ನರ್‌ನಲ್ಲಿರುವ ಟಾಲ್ವೀನ್, ಅಸಿಟೋನ್‌ಗಳು ಅದನ್ನೇ ಕರಗಿಸುತ್ತವೆ, ದ್ರಾವಕ ಹೆಚ್ಚು ಹೊತ್ತು ನಿಂತಷ್ಟೂ ಹೆಚ್ಚು ಕೊರೆಯುತ್ತದೆ. ಎರಡನೆಯದು ಉಸಿರು. ಮಳೆ ಬಡಿಯುವ ದಿನ ಕಿಟಕಿ ಮುಚ್ಚಿರುತ್ತದೆ, ಮುಚ್ಚಿದ ಕೋಣೆಯಲ್ಲಿ ಟಾಲ್ವೀನ್ ಆವಿ ತುಂಬಿಸುವುದು ಯಾವ ಬೋಗಿಯ ಹೊಳಪಿಗೂ ತಕ್ಕ ಬೆಲೆಯಲ್ಲ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯದು, ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಎನಾಮಲ್‌ನ ದ್ರಾವಕ ನಿಧಾನದ್ದಾದ್ದರಿಂದ ಬೆಳ್ಳಗಾಗುವ ಪೀಡೆ ಅದಕ್ಕೆ ವಿರಳ. ಪದರ ಹಿತವಾಗಿ ಹರಡಿ ನುಣುಪಾಗುತ್ತದೆ, ಹಳಬರು ಅದನ್ನು ಬಿಡದಿರುವುದಕ್ಕೆ ಕಾರಣವಿದೆ. ಆದರೆ ಅದು ದಿನಗಟ್ಟಲೆ ಮೆತ್ತಗಿರುತ್ತದೆ, ಅಷ್ಟು ದಿನ ಧೂಳು, ಸೊಳ್ಳೆ, ಬೆರಳಚ್ಚು ಎಲ್ಲಕ್ಕೂ ಬಾಗಿಲು ತೆರೆದಂತೆ. ಎರಡು ಮೂರು ಬಣ್ಣಗಳ ಪಟ್ಟಿಯಿರುವ ಬೋಗಿಗೆ ಪ್ರತಿ ಬಣ್ಣದ ನಡುವೆ ವಾರ ಕಾಯಬೇಕಾಗುತ್ತದೆ. ಒಂದೇ ಬಣ್ಣದ ಗೂಡ್ಸ್ ವ್ಯಾಗನ್ನಿಗೆ ಎನಾಮಲ್ ಈಗಲೂ ಒಳ್ಳೆಯ ಆಯ್ಕೆ.

ಉಳಿದದ್ದು ಅಕ್ರಿಲಿಕ್. ಅದರ ದೋಷ ನಿಧಾನ ಒಂದೇ. ಈ ನಿಧಾನಕ್ಕೆ ಮದ್ದು ಶೀಶೆಯಲ್ಲಿಲ್ಲ, ಏರ್‌ಬ್ರಷ್‌ಗೆ ಗಾಳಿ ಒದಗಿಸುವ ಕಂಪ್ರೆಸರ್‌ನಲ್ಲಿದೆ. 28 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ 27 ಗ್ರಾಂ ನೀರಾವಿ ಹಿಡಿಯಬಲ್ಲದು. ಶೇ 90 ತೇವಾಂಶ ಎಂದರೆ ಸುಮಾರು 24.5 ಗ್ರಾಂ. ಏರ್‌ಬ್ರಷ್ ನಿಮಿಷಕ್ಕೆ ಹದಿನೈದು ಇಪ್ಪತ್ತು ಲೀಟರ್ ಗಾಳಿ ಕುಡಿಯುತ್ತದೆ, ಗಂಟೆಗೆ ಹೆಚ್ಚುಕಡಿಮೆ ಒಂದು ಘನ ಮೀಟರ್. ಈ ಗಾಳಿಯನ್ನು ಕಂಪ್ರೆಸರ್ ಮೀಟರಿನ ಮೂರು ಬಾರ್‌ವರೆಗೆ ಒತ್ತಿ ಟ್ಯಾಂಕಿಗೆ ತುಂಬಿದರೆ ಅದರ ಗಾತ್ರ ನಾಲ್ಕನೇ ಒಂದು ಪಾಲಾಗುತ್ತದೆ. ಒತ್ತುವಾಗ ಬಿಸಿಯಾದ ಗಾಳಿ ಟ್ಯಾಂಕಿನಲ್ಲಿ ಮತ್ತೆ ಕೋಣೆಯ ಉಷ್ಣತೆಗೆ ಇಳಿದ ಮೇಲೆ, ಆ ಕಾಲು ಘನ ಮೀಟರ್ ಹಿಡಿದುಕೊಳ್ಳಬಲ್ಲದ್ದು 7 ಗ್ರಾಂಗಿಂತ ಕಡಿಮೆ. ಉಳಿದ 17 ಗ್ರಾಂ ಚಿಲ್ಲರೆ ನೀರಾಗಿ ತಳಕ್ಕಿಳಿಯಲೇಬೇಕು. ಒಂದು ಗಂಟೆಯ ಕೆಲಸಕ್ಕೆ ಮೂರು ಚಮಚದಷ್ಟು ನೀರು! ಟ್ಯಾಂಕ್ ಇಲ್ಲದ, ಅಂಗೈಯಗಲದ ಅಗ್ಗದ ಕಂಪ್ರೆಸರ್‌ನಲ್ಲಿ ಗಾಳಿ ಬಿಸಿಯಾಗಿಯೇ ಪೈಪಿಗೆ ನುಗ್ಗಿ, ಪೈಪಿನಲ್ಲಿ ತಣಿದು, ನೀರನ್ನು ಅಲ್ಲೇ ಬಿಡುತ್ತದೆ. ಆ ನೀರು ಯಾವುದೋ ಗಳಿಗೆಯಲ್ಲಿ ಮೂತಿಯಿಂದ ಬೋಗಿಯ ಮೇಲೆ ಉಗುಳಿದಂತೆ ಚಿಮ್ಮುತ್ತದೆ.

ಈ ಲೆಕ್ಕದ ಇನ್ನೊಂದು ಮುಖ ಇನ್ನೂ ಸೊಗಸಾಗಿದೆ. ಟ್ಯಾಂಕಿನಲ್ಲಿ ನೀರು ಬಿಟ್ಟ ಗಾಳಿ, ರೆಗ್ಯುಲೇಟರ್ ದಾಟಿ ಏರ್‌ಬ್ರಷ್‌ನಿಂದ ಹೊರಬಂದಾಗ ಮತ್ತೆ ನಾಲ್ಕು ಪಟ್ಟು ಹಿಗ್ಗುತ್ತದೆ. ಹಿಗ್ಗಿದ ಗಾಳಿಯ ತೇವಾಂಶ ಕಾಲು ಭಾಗಕ್ಕೆ ಇಳಿದಿರುತ್ತದೆ, ಅಂದರೆ ಸುಮಾರು ಶೇ 25. ಜಡಿಮಳೆಯ ಪಡೀಲಿನಲ್ಲಿ ಕೂತು ಬೇಸಗೆಯ ಕಲಬುರಗಿಯ ಗಾಳಿಯನ್ನು ಕೊಳವೆಯಿಂದ ಊದಿದ ಹಾಗೆ. ಕೋಣೆಯ ಹಸಿಗಾಳಿ ಬೇಗನೆ ಬಂದು ಬೆರೆಯುವುದರಿಂದ ಈ ಲಾಭ ಮೂತಿಯ ಸಮೀಪಕ್ಕೆ ಸೀಮಿತ. ಆದರೂ ಪ್ರತಿ ಪದರದ ಬಳಿಕ ಬಣ್ಣ ನಿಲ್ಲಿಸಿ, ಬರೀ ಗಾಳಿಯನ್ನು ಹತ್ತಿರದಿಂದ ಹಾಯಿಸಿದರೆ ಪದರ ಕಣ್ಣೆದುರೇ ಆರುತ್ತದೆ. ಬರೀ ಗಾಳಿ ಬಿಡಲು ಬರುವುದು ಡಬಲ್ ಆಕ್ಷನ್ ಏರ್‌ಬ್ರಷ್‌ನಲ್ಲಿ: ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಡಬಲ್ ಆಕ್ಷನ್ ಅನ್ನು ಸಾಮಾನ್ಯವಾಗಿ ಸಪೂರ ಗೆರೆ ಎಳೆಯುವ ಕಲಾವಿದರ ಸಾಧನವೆಂದು ಹೊಗಳುತ್ತಾರೆ. ಪಡೀಲಿನಲ್ಲಿ ಅದರ ಮೊದಲ ಗುಣ ಒಣಗಿಸುವ ಯಂತ್ರವಾಗಿರುವುದು. ಹಾಗಾಗಿ ಇಲ್ಲಿ ಹಣ ಹಾಕಬೇಕಾದ ಕ್ರಮ ಹೀಗೆ: ಟ್ಯಾಂಕ್ ಇರುವ ಕಂಪ್ರೆಸರ್, ಆ ಬಳಿಕ ನೀರು ಹಿಡಿಯುವ ಟ್ರ್ಯಾಪ್ ಮತ್ತು ರೆಗ್ಯುಲೇಟರ್, ಕೊನೆಗೆ ಸಾಧಾರಣ ಬೆಲೆಯ ಡಬಲ್ ಆಕ್ಷನ್ ಏರ್‌ಬ್ರಷ್. ಟ್ಯಾಂಕಿನ ತಳದ ತಿರುಪು ಬಿಚ್ಚಿ ದಿನವೂ ನೀರು ಸುರಿಯುವುದು ಬಿಟ್ಟಿಯ ಕೆಲಸ, ಮರೆತರೆ ಮಾತ್ರ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ.

ದುಬಾರಿ ಏರ್‌ಬ್ರಷ್‌ಗೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಇದೆ. ಇವಾಟಾದಂಥ ಸಂಸ್ಥೆಗಳ ಮೂತಿ, ಸೂಜಿಗಳ ನಯಗಾರಿಕೆ ಸಣ್ಣ ಗೆರೆಯಲ್ಲಿ ಎದ್ದು ಕಾಣುತ್ತದೆ. ಆದರೆ ಗೇಣುದ್ದದ ಬೋಗಿಗೆ ಬೇಕಾದದ್ದು ಸಣ್ಣ ಗೆರೆಯಲ್ಲ, ಸಮನಾದ ಪದರ. ಮೇಲೆ ಬಟ್ಟಲಿರುವ, 0.3ರಿಂದ 0.5 ಮಿಲಿಮೀಟರ್ ಮೂತಿಯ ಏರ್‌ಬ್ರಷ್ 15ರಿಂದ 20 ಪಿಎಸ್‌ಐ ಒತ್ತಡದಲ್ಲಿ ಅದನ್ನು ಸಲೀಸಾಗಿ ಮಾಡುತ್ತದೆ. 0.2ರ ಮೂತಿಯನ್ನು ಎಂಜಿನ್ನಿನ ಹೊಗೆಕಲೆಗೆ ಇಟ್ಟುಕೊಳ್ಳಬಹುದು. ಅಕ್ರಿಲಿಕ್ ಎಂಬ ಒಂದೇ ಹೆಸರಿನಡಿ ಬೇರೆಬೇರೆ ರಸಾಯನಗಳಿವೆ ಎನ್ನುವ ಎಚ್ಚರ ಬೆಲೆಗಿಂತ ಮುಖ್ಯ. ತಮಿಯಾ ಕಂಪನಿಯ ಅಕ್ರಿಲಿಕ್‌ನಲ್ಲಿ ಆಲ್ಕೊಹಾಲ್ ಅಂಶವಿದೆ, ಅದನ್ನು ಆಲ್ಕೊಹಾಲ್ ಆಧಾರದ ತಿನ್ನರ್‌ನಿಂದ ತೆಳುಮಾಡಿದರೆ ನೀರಿನ ಬಣ್ಣಕ್ಕಿಂತ ಬೇಗ ಆರುತ್ತದೆ, ಪಡೀಲಿಗೆ ಅದೊಂದು ಅನುಕೂಲ. ವ್ಯಾಲೆಹೋ ಕಂಪನಿಯ ಬಣ್ಣ ನೀರಿನದು. ಅದಕ್ಕೆ ಅದೇ ಆಲ್ಕೊಹಾಲ್ ಬೆರೆಸಿದರೆ ತೇಲುವ ಗೋಲಿಗಳು ಒಡೆದ ಹಾಲಿನ ಹಾಗೆ ಗಂಟುಗಟ್ಟುತ್ತವೆ. ಒಂದು ಬಳಗದ ಬಣ್ಣಕ್ಕೆ ಅದೇ ಬಳಗದ ತಿನ್ನರ್ ಎಂಬುದು ಅಂಗಡಿಯವರ ವ್ಯಾಪಾರದ ಮಾತಲ್ಲ, ರಸಾಯನದ ಮಾತು.

ಇನ್ನೂ ಎರಡು ಆಕ್ಷೇಪಗಳಿವೆ. ಎಸಿ ಹಾಕಿದರೆ ಗಾಳಿ ತಾನೇ ಒಣಗುತ್ತದಲ್ಲ ಎನ್ನುವುದು ಒಂದು. ಸರಿಯಾದ ಮಾತೇ, ಎಸಿಯ ಕೊಳವೆಯಿಂದ ತೊಟ್ಟಿಕ್ಕುವ ನೀರು ಅದಕ್ಕೆ ಸಾಕ್ಷಿ. ಆದರೆ ಎಸಿ ಕೋಣೆಯ ಗಾಳಿಯನ್ನೇ ಸುತ್ತಿಸುತ್ತದೆ, ಆವಿಯನ್ನು ಹೊರಹಾಕುವುದಿಲ್ಲ. ಹೊರಹಾಕಲು ಎಕ್ಸಾಸ್ಟ್ ಫ್ಯಾನ್ ಹಚ್ಚಿದರೆ ಅಷ್ಟೇ ಹಸಿಗಾಳಿ ಒಳನುಗ್ಗುತ್ತದೆ. ಹಾಗಾಗಿ ಎಸಿಯ ಉಪಕಾರ ವಾಸನೆ ಕಡಿಮೆಯಿರುವ ನೀರಿನ ಬಣ್ಣಕ್ಕೆ ಸಿಗುತ್ತದೆ, ಲ್ಯಾಕರ್‌ಗೆ ಸಿಗದು. ಜೊತೆಗೆ, 23 ಡಿಗ್ರಿಯ ಕೋಣೆಯಲ್ಲಿ ತಣಿದ ಬೋಗಿಯನ್ನು ಹೊರಗೆ ತಂದರೆ 26 ಡಿಗ್ರಿಯ ಇಬ್ಬನಿ ಬಿಂದು ಕಾಯುತ್ತಿರುತ್ತದೆ. ಪದರ ಪೂರ್ತಿ ಒಣಗುವವರೆಗೆ ಬಾಗಿಲು ದಾಟಿಸಬಾರದು. ಎರಡನೆಯ ಆಕ್ಷೇಪ ಇನ್ನೂ ನೇರ: ಡಿಸೆಂಬರ್‌ವರೆಗೆ ಕಾದರೆ ಮುಗಿಯಿತಲ್ಲ? ಲ್ಯಾಕರ್‌ನ ಹೊಳಪೇ ಬೇಕೆನ್ನುವವರಿಗೆ ಇದು ನಿಜಕ್ಕೂ ಸರಿಯಾದ ಸಲಹೆ. ಕಾಯುವುದೂ ಒಂದು ಆಯ್ಕೆಯೇ, ಮತ್ತು ಅದನ್ನು ಹೇಳಿಕೊಟ್ಟದ್ದು ಗಾಳಿಯೇ ಹೊರತು ಬಣ್ಣದ ಕಂಪನಿಯಲ್ಲ. ಈ ಆಕ್ಷೇಪ ವಾದವನ್ನು ಮುರಿಯುವುದಿಲ್ಲ, ಒಪ್ಪಿಕೊಳ್ಳುತ್ತದೆ.

ಗಾಳಿಯ ಲೆಕ್ಕ ಬಣ್ಣದ ಬಣ್ಣಕ್ಕೂ ತಾಗುತ್ತದೆ. ಒಂದು ವರ್ಣಕಣ ಅಡಿಯನ್ನು ಎಷ್ಟು ಮುಚ್ಚುತ್ತದೆ ಎನ್ನುವುದು, ಅದು ಬೆಳಕನ್ನು ಸುತ್ತಲಿನ ರಾಳಕ್ಕಿಂತ ಎಷ್ಟು ಹೆಚ್ಚು ಬಾಗಿಸುತ್ತದೆ, ಎಷ್ಟು ಹೀರುತ್ತದೆ ಎನ್ನುವುದರ ಮೇಲೆ ನಿಂತಿದೆ. ರಾಳದ ವಕ್ರೀಭವನ ಸೂಚ್ಯಂಕ 1.5ರ ಹತ್ತಿರ. ಬಿಳಿಯ ಟೈಟಾನಿಯಂ ಡೈಆಕ್ಸೈಡ್‌ನದು ಸುಮಾರು 2.7, ಕಬ್ಬಿಣದ ಆಕ್ಸೈಡ್ ಕೆಂಪಿನದು ಅದಕ್ಕೂ ಮೇಲೆ. ಹಳೆಯ ಕಾವಿಗೆಂಪಿಗೆ ಕಬ್ಬಿಣದ ಆಕ್ಸೈಡ್ ಕಣಗಳ ಬಣ್ಣ ಹಿಡಿದರೆ ಎರಡು ತೆಳು ಪದರಗಳೇ ಸಾಕು. ಎಲ್‌ಎಚ್‌ಬಿಯ ಕಡುಗೆಂಪಿನಲ್ಲಿ, ವಂದೇ ಭಾರತದ ಕಿತ್ತಳೆಯಲ್ಲಿ ಬಳಸುವ ಸಾವಯವ ವರ್ಣಗಳು ಬೆಳಕನ್ನು ಹೆಚ್ಚುಕಡಿಮೆ ರಾಳದಷ್ಟೇ ಬಾಗಿಸುವುದರಿಂದ ಅರೆಪಾರದರ್ಶಕ. ಬೂದು ಪ್ರೈಮರ್ ಮೇಲೆ ಅವನ್ನು ಹಾಯಿಸಿದರೆ ಐದಾರು ಪದರ ಕೊಟ್ಟರೂ ಮಂಕು ಹೋಗದು. ಪ್ರತಿ ಪದರವೂ ಪಡೀಲಿನಲ್ಲಿ ಒಂದೊಂದು ಕಾಯುವಿಕೆ, ಅಚ್ಚಿನ ನಯದ ಮೇಲೆ ಒಂದೊಂದು ಹೊದಿಕೆ. ಅದಕ್ಕೇ ಅಡಿಗೆ ಬಿಳಿ ಪ್ರೈಮರ್ ಹಾಕಿ, ಬೆಳಕನ್ನು ಹಿಂದಕ್ಕೆ ಕಳಿಸುವ ಕೆಲಸವನ್ನು ಟೈಟಾನಿಯಂಗೆ ವಹಿಸಬೇಕು. ಮೇಲಿನ ಕೆಂಪು ತೆಳುವಾಗಿದ್ದೂ ಉರಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಬೋಗಿ ಅಂಗಡಿಯಿಂದ ಈಗ ತಾನೇ ತಂದಂತೆ ಕಾಣುತ್ತದೆ. ಪಡೀಲಿನಲ್ಲಿ ನಿಲ್ಲುವ ರೈಲು ಹಾಗಿರುವುದಿಲ್ಲ. ಚಕ್ರದ ಮೇಲಿನ ಚೌಕಟ್ಟಿಗೆ, ಮೆಟ್ಟಿಲಿಗೆ, ವ್ಯಾಗನ್ನಿನ ಅಂಚಿಗೆ ಇಲ್ಲಿನ ಜಂಬಿಟ್ಟಿಗೆಯ ಕೆಂಪು ಧೂಳು ಮೆತ್ತಿರುತ್ತದೆ. ಆ ಕೆಂಪೂ ಕಬ್ಬಿಣದ ಆಕ್ಸೈಡೇ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ನೇತ್ರಾವತಿಯ ಜೇಡಿಗೆ ಬೆಂಕಿಯಲ್ಲಿ ಕೆಂಪು ತಂದುಕೊಟ್ಟದ್ದೂ ಅದೇ. ಹಾಗಾದರೆ ಅಂಗಳದ ಮಣ್ಣನ್ನೇ ಬೋಗಿಗೆ ಉದುರಿಸಬಹುದೇ? ನೇರವಾಗಿ ಆಗದು. 50 ಮೈಕ್ರಾನಿನ ಕಣ ಈ ಅಳತೆಯಲ್ಲಿ ನಾಲ್ಕು ಮಿಲಿಮೀಟರಿನ ಜಲ್ಲಿಕಲ್ಲು. ಆದರೆ ಮಣ್ಣನ್ನು ನೀರಿನಲ್ಲಿ ಕದಡಿ ಬಿಟ್ಟರೆ, ಕಣ ತಳಕ್ಕಿಳಿಯುವ ವೇಗ ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. 50 ಮೈಕ್ರಾನಿನ ಕಣ ಹತ್ತು ಸೆಂಟಿಮೀಟರ್ ಇಳಿಯಲು ಮುಕ್ಕಾಲು ನಿಮಿಷ ಸಾಕು, 5 ಮೈಕ್ರಾನಿನದಕ್ಕೆ ಒಂದೂಕಾಲು ಗಂಟೆ ಬೇಕು. ಗಂಟೆ ಕಳೆದ ಮೇಲೆ ಮೇಲಿನ ಕೆಂಪು ನೀರನ್ನು ಬಸಿದು, ತಿಳಿಯಾಗಲು ಬಿಟ್ಟು, ತಳದ ಕೆಸರನ್ನು ಒಣಗಿಸಿದರೆ ಸಿಗುವುದು ಅಳತೆಗೆ ಒಪ್ಪುವ ಧೂಳು. ಒಣ ಕುಂಚದಿಂದ ಅದನ್ನು ಹೊಳಪಿಲ್ಲದ ಬಣ್ಣದ ಮೇಲೆ ತಿಕ್ಕಿದರೆ ಅಲ್ಲೇ ಹಿಡಿದು ನಿಲ್ಲುತ್ತದೆ. ಈ ಧೂಳಿನ ಬಣ್ಣಕ್ಕೆ ದ್ರಾವಕವಿಲ್ಲ, ಇಬ್ಬನಿ ಬಿಂದುವಿನ ಹಂಗಿಲ್ಲ. ಜಡಿಮಳೆಯ ದಿನವೂ ಈ ಕೆಲಸ ಮಾಡಬಹುದು. ಕೆಸರು ಒಣಗಿಸುವುದನ್ನು ಮಾತ್ರ ಏಪ್ರಿಲ್–ಮೇ ಬಿಸಿಲಿನಲ್ಲಿ, ಹಲಸಿನ ಹಪ್ಪಳದ ಚಾಪೆಯ ಪಕ್ಕದಲ್ಲೇ ಮುಗಿಸಿ, ಡಬ್ಬಿಗೆ ತುಂಬಿಟ್ಟುಕೊಳ್ಳಬೇಕು.